ಅನಂತಲಕ್ಷ್ಮಿ ಮೇಡಂ ಮತ್ತು ಮೂರು ಬಗೆಯ ಮಾತ್ರೆ

ಬಸವೇಶ್ವರನಗರದ ಅನಂತಲಕ್ಷ್ಮಿ ಮೇಡಂ ಯಾರ ಮಾತನ್ನೂ ಸುಮ್ಮನೆ ಒಪ್ಪಿಕೊಂಡವರಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಉತ್ತರ ಸರಿಯಿದ್ದರೂ ಬಿಡಿಸಿದ ಹಾದಿ ಕೇಳುತ್ತಿದ್ದವರು. ಕಿಡ್ನಿ ಕೈಕೊಟ್ಟು, ವಾರಕ್ಕೆ ಮೂರು ಸಲ ವಿಜಯನಗರದ ಡಯಾಲಿಸಿಸ್ ಸೆಂಟರಿಗೆ ಹೋಗುವಂತಾದ ಮೇಲೂ ಆ ಗತ್ತು ಚೂರೂ ಇಳಿದಿರಲಿಲ್ಲ.

ತಲೆನೋವಾಗಿದ್ದುದು ಒಂದೇ, ಫಾಸ್ಫರಸ್. ಊಟದಲ್ಲಿ ಬರುವ ಫಾಸ್ಫರಸ್ಸನ್ನು ಕೆಟ್ಟ ಕಿಡ್ನಿ ಹೊರಗೆ ಹಾಕುವುದಿಲ್ಲ, ಯಂತ್ರದಿಂದಲೂ ಪೂರ್ತಿ ಹೋಗುವುದಿಲ್ಲ. ಅದಕ್ಕೆಂದೇ ಮಾತ್ರೆ. ರಕ್ತದಲ್ಲಿ ಐದೂವರೆಯೊಳಗೆ ಇರಲಿ ಎನ್ನುತ್ತಿದ್ದರು ಡಾಕ್ಟರ್ ಸುಧೀಂದ್ರ. ಮೇಡಂ ಅವರದು ಏಳು ಪಾಯಿಂಟ್ ಒಂಬತ್ತು. ಮೈಯೆಲ್ಲ ತುರಿಕೆ. ಹೀಗೇ ಮುಂದುವರಿದರೆ ಕುತ್ತಿಗೆಯೊಳಗಿನ ಗ್ರಂಥಿ ಊದಿಕೊಂಡು ಆಪರೇಷನ್ನೇ ಮಾಡಬೇಕಾಗಬಹುದು ಎಂದು ಡಾಕ್ಟರು ಹೇಳಿದ ದಿನ ಅವರಿಗೆ ನಿಜಕ್ಕೂ ಭಯವಾಯಿತು. ತೋರಿಸಿಕೊಳ್ಳಲಿಲ್ಲ, ಅಷ್ಟೆ.

ಮರುದಿನವೇ ಡೈರಿಯಲ್ಲಿ ಗೆರೆ ಎಳೆದು ಕೋಷ್ಟಕ ಮಾಡಿದರು. ಪಕ್ಕದ ಹಾಸಿಗೆಯ ಕೆಂಪಯ್ಯ ಬ್ಯಾಡರಹಳ್ಳಿಯವರು, ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆ ಕಟ್ಟಿಸಿಕೊಂಡು ಆರಾಮಾಗಿದ್ದವರು. ಅವರದು ಲ್ಯಾಂಥನಮ್ ಎಂಬ ಅಗಿಯುವ ಮಾತ್ರೆ. ಫಾಸ್ಫರಸ್ ನಾಲ್ಕು ಪಾಯಿಂಟ್ ಎಂಟು. ಎದುರಿನ ಗುರುಬಸಪ್ಪನವರದು ಕ್ಯಾಲ್ಸಿಯಂ ಇರುವ ಅಗ್ಗದ ಮಾತ್ರೆ. ಐದು ಪಾಯಿಂಟ್ ಎರಡು. ಮೇಡಂ ನುಂಗುತ್ತಿದ್ದುದು ಸೆವೆಲಮರ್, ಕ್ಯಾಲ್ಸಿಯಂ ಇಲ್ಲದ್ದು, ದಪ್ಪನೆಯದು, ಹೊತ್ತಿಗೆ ಎರಡೆರಡು. ಗಾತ್ರ, ಎಣಿಕೆ, ಹೊಟ್ಟೆಯ ತೊಂದರೆ ಎಲ್ಲವನ್ನೂ ಬರೆದು, ತಮ್ಮ ಮಾತ್ರೆಯೇ ದಡ್ಡ ಎಂದು ತೀರ್ಪು ಕೊಟ್ಟರು.

ಡಾಕ್ಟರು ಕೋಷ್ಟಕವನ್ನು ಸಾವಧಾನವಾಗಿ ನೋಡಿದರು. ಮೇಡಂ ಅವರ ರಕ್ತನಾಳದಲ್ಲಿ ಆಗಲೇ ಕ್ಯಾಲ್ಸಿಯಂ ಕೂತಿರುವುದರಿಂದ ಅಗ್ಗದ ಮಾತ್ರೆ ಅವರಿಗೆ ಬೇಡವೆಂದರು. ಊಟದ ಜೊತೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಿ ತಾನೆ ಎಂದೂ ಕೇಳಿದರು. ಒಂದು ಹೊತ್ತೂ ತಪ್ಪಿಸಿಲ್ಲ ಎಂದು ಮೇಡಂ ಮುಖ ಬಿಗಿದರು. ಸರಿ, ಅಗಿಯುವ ಮಾತ್ರೆಗೆ ಬದಲಾಯಿಸಿದ್ದಾಯಿತು. ಮುಂದಿನ ತಿಂಗಳ ರಿಪೋರ್ಟು ಬಂತು: ಎಂಟು ಪಾಯಿಂಟ್ ಒಂದು. ಡಾಕ್ಟರು ಗ್ರಂಥಿಯ ಪರೀಕ್ಷೆಗೆ ಚೀಟಿ ಬರೆದರು.

ಆ ಬುಧವಾರ ಕೆಂಪಯ್ಯ ಹಾಸಿಗೆಯ ಮೇಲೆ ಒರಗಿಕೊಂಡು, ಸೂಜಿ ಚುಚ್ಚದ ಬಲಗೈಯಲ್ಲಿ ಇಡ್ಲಿ ತಿನ್ನುತ್ತಿದ್ದರು. ಒಂದು ಇಡ್ಲಿ ಮುಗಿಸಿ, ಅದೇ ಕೈಯಿಂದ ಮಾತ್ರೆ ಎತ್ತಿ ಕುರುಕುರು ಅಗಿದು, ಇನ್ನೊಂದು ಇಡ್ಲಿಗೆ ಕೈ ಹಾಕಿದರು. ಮೇಡಂಗೆ ಮೈಯೆಲ್ಲ ಮುಳ್ಳೆದ್ದಿತು.

“ಎಂಜಲು ಕೈಲಿ ಔಷಧಿ ಮುಟ್ತೀರಲ್ರೀ ಕೆಂಪಯ್ಯನೋರೆ.”

“ಮತ್ತಿನ್ಯಾವಾಗ ಮೇಡಂ? ತಿಂದಿದ್ರ ಜೊತೇಲೇ ಒಳಗೋದ್ರೆ ತಾನೇ ಅದ್ರಲ್ಲಿರೋದನ್ನ ಇದು ಹಿಡ್ಕೊಳ್ಳೋದು. ನಮ್ಮನೇಲಿ ತಟ್ಟೆಗೇ ಬಡಿಸ್ಬಿಡ್ತಾರೆ.”

ಮೇಡಂ ಅವರ ಮನೆಯಲ್ಲಿ ಉಂಡ ಕೈ ತೊಳೆಯುವ ತನಕ ಏನನ್ನೂ ಮುಟ್ಟುವಂತಿಲ್ಲ. ಊಟ ಮುಗಿಸಿ, ತಟ್ಟೆ ಎತ್ತಿ, ಎಂಜಲು ಒರೆಸಿ, ಕೈಕಾಲು ತೊಳೆದು, ಮಿಕ್ಕ ಅಡುಗೆ ಮುಚ್ಚಿಟ್ಟು, ಹಾಲ್‌ಗೆ ಬಂದು ಕೂತ ಮೇಲೆ ಮಾತ್ರೆ. ಮುಕ್ಕಾಲು ಗಂಟೆಯಾದರೂ ಆಗುತ್ತಿತ್ತು. ಅದೆಲ್ಲ ಸೇರಿಯೇ ಅವರ ಪಾಲಿಗೆ ಊಟ. ಅಷ್ಟು ಉದ್ದದ ಕೋಷ್ಟಕದಲ್ಲಿ ಯಾವಾಗ ಎಂಬ ಒಂದು ಸಾಲನ್ನು ಹಾಕಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ.

ಮರುದಿನ ಮಧ್ಯಾಹ್ನ ಸೊಸೆ ಮಾಲವಿಕಾಗೆ ಹೇಳಿ ಮಾತ್ರೆಯನ್ನು ಪಲ್ಯದ ಪಕ್ಕಕ್ಕೇ ಹಾಕಿಸಿಕೊಂಡರು. ಅರ್ಧ ಊಟಕ್ಕೆ ಅದನ್ನೆತ್ತಿ ಬಾಯಿಗಿಡುವಾಗ, ಕದ್ದು ತಿನ್ನುತ್ತಿರುವಷ್ಟು ನಾಚಿಕೆಯಾಯಿತು. ನಾಲ್ಕನೆಯ ದಿನಕ್ಕೆ ಅದೂ ಹೋಯಿತು. ಅದೇ ವಾರ ರಾಜಾಜಿನಗರದಲ್ಲಿ ತಮ್ಮ ಪುರುಷೋತ್ತಮನ ಮನೆಯ ಸತ್ಯನಾರಾಯಣ ಪೂಜೆ. ಪಂಕ್ತಿಯಲ್ಲಿ ಎಲ್ಲರೆದುರು, ಅನ್ನ ಕಲಸಿದ ಕೈಯಲ್ಲೇ ಮಾತ್ರೆ ಎತ್ತಿದ್ದು ಕಂಡು ಮಡಿವಂತ ತಮ್ಮನ ಕಣ್ಣು ದೊಡ್ಡದಾಯಿತು.

“ಹಂಗೆ ನೋಡ್ಬೇಡ ಕಣೋ,” ಎಂದರು ಮೇಡಂ, ಪಂಕ್ತಿಗೆಲ್ಲ ಕೇಳುವಂತೆ. “ಕತ್ತು ಕೊಯ್ಸಿಕೊಳ್ಳೋದಕ್ಕಿಂತ ಇದು ವಾಸಿ.”

ಮುಂದಿನ ರಿಪೋರ್ಟು ಐದು ಪಾಯಿಂಟ್ ಮೂರು. ಗ್ರಂಥಿಯ ಪರೀಕ್ಷೆಯಲ್ಲೂ ಗಾಬರಿಪಡುವಂಥದ್ದೇನೂ ಇರಲಿಲ್ಲ, ಆಪರೇಷನ್ ಮಾತು ಅಲ್ಲಿಗೆ ನಿಂತಿತು. ಹೊಸ ಮಾತ್ರೆ ಚೆನ್ನಾಗಿ ಹಿಡಿಯಿತು ಎಂದು ಡಾಕ್ಟರು ನಕ್ಕರೆ, ಮೇಡಂ ನಡೆದದ್ದನ್ನೆಲ್ಲ ಬಿಡಿಸಿ ಹೇಳಿ, ಹಳೆಯದನ್ನೇ ವಾಪಸ್ ಬರೆಸಿಕೊಂಡರು. ಅದರ ಮೇಲೆ ವೃಥಾ ಅಪವಾದ ಹೊರಿಸಿದ್ದು ಅವರ ಮನಸ್ಸಿಗೆ ಚುಚ್ಚುತ್ತಿತ್ತು. ತಿಂಗಳಾದ ಮೇಲೆ ಅದರಲ್ಲೂ ಐದು ಪಾಯಿಂಟ್ ಒಂದು ಬಂತು.

ಹಾಗಾದರೆ ಮೂರರಲ್ಲಿ ಯಾವುದು ಮೇಲು ಎಂದು ಕೆಂಪಯ್ಯ ಪಕ್ಕದ ಹಾಸಿಗೆಯಿಂದ ಕೇಳಿದರು.

“ಮೂರೂ ಪಾಸು ಕೆಂಪಯ್ಯನೋರೆ,” ಎಂದರು ಮೇಡಂ. “ಫೇಲಾಗಿದ್ದು ಟೀಚರ್ರು.”