ದೊಡ್ಡ ಮೇಡಂ ಇಲ್ಲದ ಟೈಮ್ ಟೇಬಲ್

ಆ ಖಾಸಗಿ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ಕರೆಯುವುದೇ ದೊಡ್ಡ ಮೇಡಂ ಎಂದು. ಗಣಿತದ ಟೀಚರಾಗಿ ಸೇರಿ ಇಪ್ಪತ್ಮೂರು ವರ್ಷ, ಈ ಕುರ್ಚಿಯಲ್ಲಿ ಒಂಬತ್ತು. ಕುರ್ಚಿ ಏರುವಾಗ ಆಡಳಿತ ಮಂಡಳಿಗೆ ಷರತ್ತು ಹಾಕಿದ್ದರು: ದಿನಕ್ಕೊಂದು ಪೀರಿಯಡ್ ಪಾಠ ಮಾಡಿಯೇ ತೀರುತ್ತೇನೆ, ಇಲ್ಲವಾದರೆ ಕುರ್ಚಿ ಬೇಡ. ಅಬ್ಬಾ, ಆಗಿನ ಗತ್ತೇ ಗತ್ತು!

ಈಗ ಮಂಡಳಿಯ ಅಧ್ಯಕ್ಷರ ಪತ್ರ ಬಂದಿತ್ತು. ಇನ್ನೂ ಐದು ವರ್ಷ ಮುಂದುವರಿಯಿರಿ, ಸಂಜೆಯೊಳಗೆ ಸಹಿ ಹಾಕಿ ಕೊಡಿ. ಅದರಲ್ಲಿ ಯೋಚಿಸುವುದೇನಿದೆ? ಪೆನ್ನು ತೆಗೆದವರು ಇವತ್ತು ತಮ್ಮ ಪಾಠ ಯಾವ ಹೊತ್ತಿಗೆ ಎಂದು ಗೋಡೆಯ ಟೈಮ್ ಟೇಬಲ್ ನೋಡಿದರು. ಸೋಮವಾರದಿಂದ ಶನಿವಾರದವರೆಗೆ ಬೆರಳಿಟ್ಟು ಹುಡುಕಿದರು. ಅವರ ಹೆಸರೇ ಇರಲಿಲ್ಲ.

"ನನ್ನ ಪೀರಿಯಡ್ ಎಲ್ಲಿ ಹೋಯ್ತ್ರೀ?" ಎಂದು ಗುಮಾಸ್ತರನ್ನು ಕೇಳಿದರು.

"ನೀವೇ ಅಳಿಸಿದ್ರಲ್ಲ ಮೇಡಂ. ವಿಜ್ಞಾನದವ್ರು ಹೆರಿಗೆ ರಜೆ ಹಾಕಿದಾಗ ಪೀರಿಯಡ್ ಹೊಂದಿಸೋಕೆ, ಈ ತಿಂಗಳು ಮಾತ್ರ ಅಂತ. ಮೂರು ವರ್ಷ ಆಯ್ತು."

ಮೂರು ವರ್ಷವೇ! ಮೊನ್ನೆ ಮೊನ್ನೆ ಪಾಠ ಮಾಡಿದ ಹಾಗಿತ್ತಲ್ಲ? ಟೈಮ್ ಟೇಬಲ್ಲಿನ ಗೋಜಲು ಬಿಡಿಸುವಾಗಲೆಲ್ಲ ರಬ್ಬರಿಗೆ ಸುಲಭವಾಗಿ ಸಿಕ್ಕಿದ್ದು ಅವರದೇ ಹೆಸರು. ಮೇಡಂಗೆ ಕೂರಲಾಗಲಿಲ್ಲ. ಎದ್ದು ನೇರವಾಗಿ ಏಳನೇ ತರಗತಿಗೆ ನಡೆದರು.

ಅಲ್ಲಿದ್ದ ಗಣಿತದ ಟೀಚರ್, ತಪಾಸಣೆಯೇ ಬಂತೆಂದು ಗಾಬರಿಯಿಂದ ಪಾಠದ ಟಿಪ್ಪಣಿ ಮುಂದಕ್ಕೆ ಹಿಡಿದಳು. ಮಕ್ಕಳು ಧಡಕ್ಕನೆ ಎದ್ದು ನಿಂತರು. "ಕೂತ್ಕೊಳ್ರೋ, ನಾನು ಪಾಠ ಮಾಡೋಕೆ ಬಂದೆ" ಎಂದರೂ ಒಬ್ಬರ ಮುಖವೂ ಸಡಿಲವಾಗಲಿಲ್ಲ.

ಮೇಡಂ ಭಿನ್ನರಾಶಿ ತೆಗೆದುಕೊಂಡು, ಬೋರ್ಡಿನ ಮೇಲೆ ಎರಡರಲ್ಲೊಂದಕ್ಕೆ ಮೂರರಲ್ಲೊಂದು ಕೂಡಿಸಿ, ಐದರಲ್ಲಿ ಎರಡು ಎಂದು ಬರೆದರು. ಬೇಕೆಂತಲೇ ತಪ್ಪು. ಹಿಂದೆಲ್ಲ ಹೀಗೆ ಬರೆದರೆ ತರಗತಿಗೆ ತರಗತಿಯೇ "ತಪ್ಪು, ತಪ್ಪು!" ಎಂದು ಬೊಬ್ಬೆ ಹಾಕುತ್ತಿತ್ತು; ಟೀಚರ ತಪ್ಪನ್ನು ಹಿಡಿಯುವ ಮಗುವೇ ಕಲಿತ ಮಗು ಎನ್ನುವುದು ಅವರ ನಂಬಿಕೆ. ಈಗ ಕೇಳಿಸಿದ್ದು ಪೆನ್ಸಿಲ್ ಸದ್ದು ಮಾತ್ರ. ನಲವತ್ತು ಮಕ್ಕಳೂ ಅದನ್ನೇ ಬರೆದುಕೊಂಡರು. ಟೀಚರ್ ಕೂಡ ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡಳು.

ಮೇಡಂ ಮೊದಲ ಬೆಂಚಿನ ಹುಡುಗಿಯನ್ನು ಕೇಳಿದರು: "ಇದು ಸರೀನೇನಮ್ಮ?"

"ಅಲ್ಲ ಮೇಡಂ. ಆರರಲ್ಲಿ ಐದು ಬರ್ಬೇಕು."

"ಮತ್ತೆ ಯಾಕೆ ಬರ್ಕೊಂಡೆ?"

"ನೀವು ದೊಡ್ಡ ಮೇಡಂ ಅಲ್ವಾ?"

ಇದನ್ನು ಗೌರವ ಎನ್ನಬೇಕೋ, ಮತ್ತೇನು ಎನ್ನಬೇಕೋ? ಅವರಿಗೆ ನಾಚಿಕೆಯಾಯಿತು.

ಸಂಜೆ ಅವರು ಸಹಿಯಿಲ್ಲದ ಪತ್ರವನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟರು. "ಕುರ್ಚಿಗೆ ಬೇರೆಯವ್ರನ್ನ ನೋಡಿ ಸಾರ್. ನನಗೆ ಏಳನೇ ಕ್ಲಾಸು ಕೊಡಿ."

"ತಲೆಗಿಲೆ ಕೆಟ್ಟಿದೆಯೇನಮ್ಮ?"

"ಗೊತ್ತಾಗ್ತಿಲ್ಲ ಸಾರ್. ಕೆಟ್ಟಿದ್ರೂ ಹೇಳೋರು ಒಬ್ರೂ ಉಳಿದಿಲ್ಲ."