ನೀರಿನಲ್ಲಿ ಎದ್ದ ಗೆರೆ

ಮಾಸೂರಿನ ಮಹೆಕ ಹಿರೇಕೆರೂರಿನ ಒಂದು ಖಾಸಗಿ ಬೀಜ ಪರೀಕ್ಷಾ ಕೇಂದ್ರದಲ್ಲಿ ಆರು ವರ್ಷಗಳಿಂದ ಕೆಲಸಕ್ಕಿದ್ದಾಳೆ. ಬೀಜದ ರಸವನ್ನು ಹನಿಯಷ್ಟೇ ಎತ್ತಿ ಹಾಕಲು ಬಳಸುವ ಸಣ್ಣ ಪ್ಲಾಸ್ಟಿಕ್ ಟಿಪ್ಪುಗಳನ್ನು ಶುಚಿ ಮಾಡುವುದು ಅವಳ ಜವಾಬ್ದಾರಿ. ಮೊದಲೆಲ್ಲ ಒಮ್ಮೆ ಬಳಸಿ ಎಸೆಯುತ್ತಿದ್ದರು. ಹೋದ ವರ್ಷ ಪ್ಲಾಸ್ಮಾ ಯಂತ್ರ ಬಂತು. ತೊಳೆದು ಒಣಗಿಸಿದ ಟಿಪ್ಪುಗಳನ್ನು ಅದರೊಳಗಿಟ್ಟು ಬಾಗಿಲು ಹಾಕಿದರೆ ಪಂಪು ಗಾಳಿಯನ್ನು ಹೀರುತ್ತದೆ. ಉಳಿದ ಚೂರು ಗಾಳಿ ಕರೆಂಟಿಗೆ ನೇರಳೆಯಾಗಿ ಹೊಳೆದು, ಕಣ್ಣಿಗೆ ಕಾಣದ ಕೊಳೆಯನ್ನು ಸುಟ್ಟು ತೆಗೆಯುತ್ತದೆ.

ಆ ಗುರುವಾರ ಬೆಳಿಗ್ಗೆ ಕೇಂದ್ರದ ಮುಖ್ಯಸ್ಥೆ ಶೈಲಶ್ರೀ ವರದಿಗೆ ಸಹಿ ಹಾಕಲು ಕುಳಿತಿದ್ದರು. ಕರಬಸಪ್ಪ ಎಂಬ ರೈತ ಬೆಳೆದ ಹತ್ತಿಬೀಜದಲ್ಲಿ ಬೇರೆ ತಳಿ ಬೆರೆತಿದೆ ಎಂದು ಪರೀಕ್ಷೆ ಹೇಳಿತ್ತು. ಸಹಿ ಬಿದ್ದರೆ ಬೀಜ ಕೊಳ್ಳುವ ಕಂಪನಿ ಅವನ ಒಂದು ಚೀಲವನ್ನೂ ಎತ್ತುವುದಿಲ್ಲ. ವರದಿ ಒಯ್ಯಲು ಕಂಪನಿಯವರು ನಾಲ್ಕಕ್ಕೆ ಬರುವವರಿದ್ದರು. ಕರಬಸಪ್ಪ ಆಗಲೇ ಬಂದು ಹೊರಗೆ ಬೆಂಚಿನ ಮೇಲೆ ಕುಳಿತಿದ್ದ.

ಆ ಪರೀಕ್ಷೆಗೆ ಬಳಸಿದ ಡಬ್ಬಿಯ ಟಿಪ್ಪುಗಳನ್ನು ಶುಚಿ ಮಾಡಿದವಳು ಮಹೆಕ. ಎರಡು ದಿನದ ಹಿಂದೆ ಕರೆಂಟು ಹೋಗಿ ಬಂದು ಮಾಡಿದ್ದರಿಂದ ಟಿಪ್ಪು ಪೂರ್ತಿ ಒಣಗಿರಲಿಲ್ಲ. ಅವಸರದಲ್ಲಿ ಹಾಗೆಯೇ ಯಂತ್ರಕ್ಕಿಟ್ಟಿದ್ದಳು. ಬೆಳಕು ಮಂಕಾಗಿ ಮಿನುಗಿದ್ದನ್ನು ನೋಡಿಯೂ ಸಾಕೆಂದು ತೆಗೆದಿದ್ದಳು. ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ ಯಾರಿಗೂ ಗೊತ್ತಾಗದು.

ಶೈಲಶ್ರೀ ಪೆನ್ನಿನ ಮುಚ್ಚಳ ತೆಗೆದರು.

“ಮೇಡಂ, ಸಹಿ ಮಾಡಬ್ಯಾಡ್ರಿ,” ಎಂದಳು ಮಹೆಕ. “ಮೊನ್ನೆ ಹಸಿ ಟಿಪ್ಪು ಇಟ್ಟಿದ್ನಿರಿ. ಬೆಳಕು ಸರಿಯಾಗಿ ಬಂದಿರಲಿಲ್ಲ.”

“ಇದನ್ನ ಈಗ ಹೇಳ್ತೀ ಏನ?” ಶೈಲಶ್ರೀಯವರ ದನಿ ಏರಿತು. “ಹಿಂದಿನ ಬೀಜದ ರಸ ಅದರಾಗ ಉಳದಿತ್ತಂದ್ರ?”

“ಅದ ಡಬ್ಬ್ಯಾಗ ಉಳಿದ ಟಿಪ್ಪಿನಿಂದ ಬರೇ ನೀರು ಹಾಕಿ ನೋಡ್ರಿ.”

ಶೈಲಶ್ರೀ ಎದ್ದರು. ಪರೀಕ್ಷೆಯ ತಟ್ಟೆಯಲ್ಲಿ ಒಂದು ಸಾಲಿಗೆ ಆ ಹಳೆಯ ಟಿಪ್ಪಿನಿಂದ ಶುದ್ಧ ನೀರು. ಇನ್ನೊಂದು ಸಾಲಿಗೆ ಹೊಸದಾಗಿ ಅರೆದ ಕರಬಸಪ್ಪನ ಬೀಜದ ರಸ, ಆಗಷ್ಟೇ ಪೊಟ್ಟಣ ಒಡೆದ ಹೊಸ ಟಿಪ್ಪಿನಿಂದ. ಇಬ್ಬರೂ ಊಟಕ್ಕೆ ಏಳಲಿಲ್ಲ. ಮೂರೂವರೆಯಾಯಿತು. ಹೊರಗೆ ಕಂಪನಿಯ ಜೀಪು ಬಂದು ನಿಂತಿತು.

ಬೇರೆ ತಳಿ ಸಿಕ್ಕರೆ ಗೆರೆ ತೋರಿಸುವ ಪರೀಕ್ಷಾ ಯಂತ್ರದ ಪರದೆಯ ಮೇಲೆ ನೀರಿನ ಸಾಲಿನಲ್ಲಿ ಗೆರೆ ಎದ್ದಿತ್ತು. ಬೀಜವೇ ಇಲ್ಲದ ನೀರಿನಲ್ಲಿ ಬೇರೆ ತಳಿಯ ಗೆರೆ! ಕರಬಸಪ್ಪನ ಸಾಲಿನಲ್ಲಿ ಅಂಥ ಗೆರೆ ಒಂದೂ ಇರಲಿಲ್ಲ.

ಶೈಲಶ್ರೀ ಹಳೆಯ ವರದಿಯನ್ನು ಹರಿದು, ಕಂಪನಿಗೆ ಕೊಡಲು ಹೊಸದನ್ನು ಬರೆದು ಸಹಿ ಹಾಕಿದರು. “ಹೊರಗ ಬೆಂಚಿನ ಮ್ಯಾಲ ಕುಂತಾರಲ್ಲ, ಅವರಿಗೆ ನೀನ ಹೋಗಿ ಹೇಳು,” ಎಂದರು.

ಮಹೆಕ ಬೆಂಚಿನ ಮುಂದೆ ನಿಂತಳು. “ಅಣ್ಣಾರ, ನಿಮ್ಮ ಬೀಜ ಚಲೋ ಐತ್ರಿ. ತಪ್ಪು ನಂದು.”

ಕರಬಸಪ್ಪ ಅವಳತ್ತ ತಿರುಗಿದ. “ಎರಡು ತಿಂಗಳ ಮನಿಮಂದಿಯೆಲ್ಲಾ ಒಂದೊಂದು ಹೂವಿಗೂ ಕೈಯಿಂದ ಪರಾಗ ಮುಟ್ಟಿಸೇವಿ, ತಂಗಿ,” ಎಂದ. ರುಮಾಲು ಕೊಡವಿ ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಮಹೆಕಳಿಗೆ ನೋಟಿಸು ಬಂತು, ಕೆಲಸ ಉಳಿಯಿತು. ಯಂತ್ರವೂ ಉಳಿಯಿತು. ಈಗ ಪ್ರತಿ ಡಬ್ಬಿಯಿಂದ ಒಂದು ಟಿಪ್ಪು ತೆಗೆದು ಮೊದಲು ಬರಿಯ ನೀರನ್ನು ಪರೀಕ್ಷಿಸುತ್ತಾರೆ. ಆ ಸಾಲು ಖಾಲಿ ಎಂದು ಕಣ್ಣಾರೆ ಕಾಣುವವರೆಗೆ ಮಹೆಕ ಕುರ್ಚಿಯ ಮೇಲೆ ಕೂರುವುದಿಲ್ಲ.