ಸಿಲಬಸ್ ಮುಗಿಸದ ಎರ್ರಿಸ್ವಾಮಿ ಸರ್

ಪ್ರಶ್ನೆ ಕೇಳಿದರೆ ಎರ್ರಿಸ್ವಾಮಿ ಸರ್ ಕಣ್ಣು ಮುಚ್ಚಿಬಿಡುತ್ತಿದ್ದರು. ಫ್ಯಾನು ತಿರುಗುತ್ತಿತ್ತು, ಕಿಟಕಿಯಾಚೆ ಬಳ್ಳಾರಿಯ ಬಂಡೆಗುಡ್ಡ ಬಿಸಿಲಿಗೆ ಅಲುಗಿದಂತೆ ಕಾಣುತ್ತಿತ್ತು, ನಮಗೂ ಮಂಪರು ಹತ್ತುತ್ತಿತ್ತು. ಆಮೇಲೆ ಕಣ್ಣು ತೆರೆದು, "ನನಗೂ ಸರಿಯಾಗಿ ಗೊತ್ತಿಲ್ರಪ, ನಾಳಿ ಹೇಳ್ತೀನಿ" ಅನ್ನುವರು. ಮರುದಿನ ಮರೆಯದೆ ಹೇಳುವರು.

ನಮ್ಮ ಖಾಸಗಿ ಕಾಲೇಜಿನಲ್ಲಿ ಅವರದು ಭೌತಶಾಸ್ತ್ರ. ವರ್ಷ ವರ್ಷಕ್ಕೂ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವಂಥ ಕೆಲಸ. ಬಾದನಹಟ್ಟಿಯಿಂದ ದಿನಾ ಬಸ್ಸಿನಲ್ಲಿ ಬರುವರು. ನಾನು ಹಚ್ಚೊಳ್ಳಿಯವಳು. ಇಂಗ್ಲಿಷಿನಲ್ಲಿ ನಡೆಯುವ ಪಾಠ ತಲೆಗೆ ಹತ್ತದೆ, ಬಿಟ್ಟು ಊರಿಗೆ ಹೋಗಿಬಿಡಲೇ ಅಂದುಕೊಳ್ಳುತ್ತಿದ್ದ ದಿನಗಳು. ಒಮ್ಮೆ ಧೈರ್ಯ ಮಾಡಿ, "ಸರ್, ಅಲೆ ಮುಂದ ಹೋಗತೈತಿ ಅಂದ್ರ ನೀರೂ ಹೋಗತೈತೇನ್ರಿ?" ಎಂದೆ. ಹಿಂದಿನ ಬೆಂಚಿನವರು ನಕ್ಕರು. ಸರ್ ನಗಲಿಲ್ಲ.

"ನಿಮ್ಮೂರಾಗ ಗದ್ದ್ಯಾಗ ನೀರು ನಿಂತಿರತೈತಲ್ಲಮ್ಮ, ಅದರಾಗ ಒಂದು ಎಲಿ ಬಿಡು. ದೂರ ಒಂದು ಕಲ್ಲು ಒಗಿ. ಎಲಿ ಏನ್ ಮಾಡತೈತಿ ನೋಡ್ಕೊಂಡ್ ಬಾ."

ಭಾನುವಾರ ಊರಿಗೆ ಹೋದಾಗ ಇಳಿಹೊತ್ತಿನಲ್ಲಿ ಬದುವಿನ ಮೇಲೆ ಕೂತೆ. ನಾಟಿಗೆ ಮುಂಚಿನ ಗದ್ದೆ, ಅದರ ತುಂಬ ಆಕಾಶ. ಕಲ್ಲು ಬಿತ್ತು. ಉಂಗುರಗಳು ಬಂದು ಎಲೆಯನ್ನು ಎತ್ತಿ ಇಳಿಸಿ ದಾಟಿ ಹೋದವು. ಎಲೆ ಇದ್ದಲ್ಲೇ ಇತ್ತು. ಅವ್ವ ಕೂಗುವವರೆಗೂ ಕಲ್ಲು ಎಸೆಯುತ್ತಲೇ ಇದ್ದೆ. ಸೋಮವಾರ ಬೋರ್ಡಿನ ಮುಂದೆ ನಿಂತು ಅದನ್ನೆಲ್ಲ ನಮ್ಮ ಮಾತಿನಲ್ಲೇ ಹೇಳಿದೆ. ಕಾಲೇಜು ಬಿಡುವ ಯೋಚನೆ ಆವತ್ತೇ ಹೋಯಿತು.

ವರ್ಷದ ಕೊನೆಗೆ, ವಿದ್ಯಾರ್ಥಿಗಳಿಗೆ ತೃಪ್ತಿಯಿದೆಯೇ ಎಂದು ತಿಳಿಯಲು ಆಫೀಸಿನವರು ಫಾರ್ಮ್ ಕೊಟ್ಟರು. ಕಟ್ಟಡ, ವೈಫೈ, ಕುಡಿಯುವ ನೀರು. ಕೆಳಗೆ, ಉಪನ್ಯಾಸಕರು ಸಿಲಬಸ್ ಪೂರ್ತಿ ಮುಗಿಸಿದ್ದಾರೆಯೇ? ಭೌತಶಾಸ್ತ್ರದಲ್ಲಿ ಎರಡು ಪಾಠ ಬಾಕಿ ಇದ್ದವು. 'ಇಲ್ಲ' ಎಂದು ಗುರುತು ಹಾಕಿದೆ. ಎಲ್ಲರೂ ಹಾಗೇ ಹಾಕಿದ್ದರು. ಬೇರೇನಾದರೂ ಬರೆಯಲು ಜಾಗವೇ ಇರಲಿಲ್ಲ.

ರಜೆ ಮುಗಿಸಿ ಬಂದಾಗ ಸರ್ ಅವರನ್ನು ಮುಂದುವರಿಸಿರಲಿಲ್ಲ, ಅವರ ಜಾಗದಲ್ಲಿ ಹೊಸಬರಿದ್ದರು. ಆ ವರ್ಷ ಸಿಲಬಸ್ ಬೇಗನೇ ಮುಗಿಯಿತು. ಕ್ಲಾಸಿನಲ್ಲಿ ಯಾರೂ ಏನೂ ಕೇಳಲಿಲ್ಲ.

ಹೋದ ವರ್ಷ ಕುರುಗೋಡು ಬಸ್‌ಸ್ಟ್ಯಾಂಡಿನಲ್ಲಿ ಎರ್ರಿಸ್ವಾಮಿ ಸರ್ ಸಿಕ್ಕರು. ತಲೆಯೆಲ್ಲ ಬೆಳ್ಳಗಾಗಿತ್ತು. ಮನೆಯಲ್ಲೇ ಟ್ಯೂಷನ್ ಹೇಳುತ್ತಾರಂತೆ. ಎಷ್ಟೋ ವರ್ಷದಿಂದ ಹೇಳಬೇಕೆಂದಿದ್ದ ಮಾತು ಹೊರಬಂತು.

"ಸರ್, ಆ ಫಾರ್ಮಿನ್ಯಾಗ ನಾನೂ ಇಲ್ಲ ಅಂತ ಹಾಕಿದ್ನಿರಿ."

"ಖರೇನ ಹಾಕೀದಿ ಬಿಡಮ್ಮ, ಮುಗಿಸಿರ್ಲಿಲ್ಲ ನಾನು" ಎಂದರು. "ಈಗೇನ್ ಮಾಡ್ತೀ?"

"ಸಿರುಗುಪ್ಪದ ಕಾಲೇಜಿನ್ಯಾಗ ಪಾಠ ಹೇಳ್ತೀನ್ರಿ."

"ಹುಡುಗ್ರು ಏನಾರ ಕೇಳ್ತಾರೇನು?"

"ಭಾಳ ಕೇಳ್ತಾರ್ರಿ ಸರ್."

ಅವರ ಮುಖವೆಲ್ಲ ಅರಳಿತು. ಅಷ್ಟರಲ್ಲಿ ಬಸ್ಸು ಬಂತು. ಹತ್ತಿ ಕೂತು ಕಿಟಕಿಯಿಂದ ಏನೋ ಹೇಳಿದರು. ಬಸ್ಸಿನ ಸದ್ದಿಗೆ ಕೇಳಿಸಲಿಲ್ಲ. ಅದೇನೆಂದು ಕೇಳೋಣವೆಂದು ಈ ಬೇಸಿಗೆಯಲ್ಲಿ ಬಾದನಹಟ್ಟಿಗೆ ಹೋದಾಗ, ಅವರು ತೀರಿಕೊಂಡು ತಿಂಗಳಾಗಿತ್ತು.